ಸರ್ಪದಾರಿಯಿಂದ ಬಾಬಾಬುಡನ್‌ಗಿರಿವರೆಗೆ ಒಂದೇ ದಿನದಲ್ಲಿ: ಪ್ಲಾನ್ ನೋಡಿ ಹೇಳಿ

ಕಡೂರು_ಲೋಕಲ್

ನವೆಂಬರ್ ಕೊನೆಯ ವಾರಕ್ಕೆ ಆರು ಜನ ಚಿಕ್ಕಮಗಳೂರಿನ ಚಂದ್ರದ್ರೋಣ ಬೆಟ್ಟಸಾಲಿನಲ್ಲಿ ನಡೆಯಲು ಹೊರಟಿದ್ದೇವೆ. ಎಲ್ಲರಿಗೂ ನಡೆಯುವ ಅಭ್ಯಾಸ ಇದೆ, ಆದರೆ ಇಡೀ ದಿನ ಬೆಟ್ಟದಲ್ಲಿ ನಡೆದವರು ಇಬ್ಬರೇ. ಹಾಕಿಕೊಂಡ ಪ್ಲಾನ್ ಇದು:

8:00 ಸರ್ಪದಾರಿ (ಮುಳ್ಳಯ್ಯನಗಿರಿಗೆ ಹತ್ತುವ ಕಾಲುದಾರಿ) ಬುಡ
9:00 ಮುಳ್ಳಯ್ಯನಗಿರಿ
10:00 ಸೀತಾಳಯ್ಯನಗಿರಿ
ಅಲ್ಲಿಂದ ರಿಡ್ಜ್ (ಬೆಟ್ಟಸಾಲಿನ ಬೆನ್ನು) ಹಿಡಿದು ಕವಿಕಲ್‌ಗಂಡಿ, ಅತ್ತಿಗುಂಡಿ
2:00 ಬಾಬಾಬುಡನ್‌ಗಿರಿ, ಊಟ
ಆಮೇಲೆ ಗಾಳಿಕೆರೆ, ಮಾಣಿಕ್ಯಧಾರಾ ಜಲಪಾತ ನೋಡಿಕೊಂಡು ಸಂಜೆ ಬಸ್ಸಿಗೆ ವಾಪಸ್

ನೀರು ತಲಾ 2 ಲೀಟರ್. ಕಾಲು ಗಟ್ಟಿ ಇದ್ದರೆ ಕೆಮ್ಮಣ್ಣುಗುಂಡಿವರೆಗೂ ಎಳೆಯೋಣ ಅಂತ ಒಬ್ಬರ ಆಸೆ. ಎಲ್ಲಿ ಎಡವುತ್ತೇವೆ, ಮುಲಾಜಿಲ್ಲದೆ ಹೇಳಿ.

ಗಿರಿ_ಗೆರೆ

ಸರ್, ಎಡವುವುದು ಎರಡನೇ ಸಾಲಿನಲ್ಲೇ. ಸರ್ಪದಾರಿಯಿಂದ ತುದಿಗೆ ದೂರ ಮೂರೂವರೆ ನಾಲ್ಕು ಕಿ.ಮೀ. ಅಷ್ಟೇ, ಸರಿ. ಆದರೆ ಏರು 500ರಿಂದ 600 ಮೀಟರ್. ಆರು ಜನ ಒಂದು ಗಂಟೆಯಲ್ಲಿ ಹತ್ತುವುದಿಲ್ಲ. ಹತ್ತಿದರೂ ಮಧ್ಯಾಹ್ನದ ಹೊತ್ತಿಗೆ ಮೂವರ ತೊಡೆ ಹಿಡಿದುಕೊಂಡಿರುತ್ತದೆ.

ಲೆಕ್ಕ ಹಾಕುವ ಹಳೇ ವಿಧಾನ ಒಂದಿದೆ. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಚಾರಣಿಗ 1892ರಲ್ಲಿ ಕೊಟ್ಟದ್ದು: ಪ್ರತಿ 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಿಮ್ಮ ದಾರಿಗೆ ಹಾಕಿ ನೋಡೋಣ. ಮುಳ್ಳಯ್ಯನಗಿರಿಯಿಂದ ಬಾಬಾಬುಡನ್‌ಗಿರಿಗೆ ರಿಡ್ಜ್ ಸುತ್ತಿಕೊಂಡು 12–13 ಕಿ.ಮೀ. ಹಿಡಿಯಿರಿ, ಸರ್ಪದಾರಿ ಸೇರಿ 17. ಏರು-ಇಳಿವುಗಳ ಏರನ್ನಷ್ಟೇ ಕೂಡಿದರೆ ಸುಮಾರು 1000 ಮೀಟರ್ ಎಂದುಕೊಳ್ಳಿ. ದೂರಕ್ಕೆ 3 ಗಂಟೆ 24 ನಿಮಿಷ, ಏರಿಗೆ 1 ಗಂಟೆ 40 ನಿಮಿಷ, ಒಟ್ಟು ಐದು ಗಂಟೆ ಚಿಲ್ಲರೆ. ಇದು ನಿಲ್ಲದೆ ನಡೆಯುವ, ಅನುಭವ ಇರುವ ಒಬ್ಬನ ಲೆಕ್ಕ. ಆರು ಜನರ ಗುಂಪು, ಫೋಟೋ, ಊಟ, ದೇವಸ್ಥಾನದಲ್ಲಿ ಶೂ ಬಿಚ್ಚಿ ಕಟ್ಟುವುದು, ಎಲ್ಲ ಸೇರಿ ಒಂದೂವರೆ ಪಟ್ಟು ಮಾಡಿ. ಏಳೂಮುಕ್ಕಾಲು ಗಂಟೆ ಹತ್ತಿರ ಬರುತ್ತದೆ. 8ಕ್ಕೆ ಹೊರಟರೆ ಬಾಬಾಬುಡನ್‌ಗಿರಿಯೇ ಮೂರೂಮುಕ್ಕಾಲು. ಗಾಳಿಕೆರೆ, ಮಾಣಿಕ್ಯಧಾರಾ ಅದರ ಮೇಲೆ.

ನವೆಂಬರ್ ಕೊನೆಗೆ ನಮ್ಮಲ್ಲಿ ಸೂರ್ಯ ಮುಳುಗುವುದು ಸಂಜೆ ಆರರ ಆಸುಪಾಸು. ಆಮೇಲೆ ಇಪ್ಪತ್ತು ನಿಮಿಷ ಮಬ್ಬು ಬೆಳಕು, ಅಷ್ಟೇ. ಹುಟ್ಟುವುದು ಆರೂವರೆಗೆ. ಹಾಗಾಗಿ ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಬರೆಯಿರಿ: 4:30ಕ್ಕೆ ಎಲ್ಲರೂ ಡಾಂಬರು ರಸ್ತೆಯಲ್ಲಿರಬೇಕು. ಏಳೂಮುಕ್ಕಾಲು ಗಂಟೆಗೆ ಇನ್ನೆರಡು ಗಂಟೆ ಸೇರಿಸಿ ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಸರ್ಪದಾರಿ ಬುಡ ಬಿಡುವುದು 6:45ಕ್ಕೆ.

ಮೂಡಿಗೆರೆ_ಕಾಫಿ

ಮೇಲಿನದಕ್ಕೆ ಒಂದು ಸೇರ್ಪಡೆ. ನೇಸ್ಮಿತ್ ಲೆಕ್ಕದಲ್ಲಿ ಇಳಿಜಾರಿಗೆ ಬೆಲೆಯೇ ಇಲ್ಲ. ಹದವಾದ ಇಳಿಜಾರಿದ್ದರೆ ಪ್ರತಿ 300 ಮೀಟರಿಗೆ ಹತ್ತು ನಿಮಿಷ ಕಳೆಯಬಹುದು, ಕಡಿದಾಗಿದ್ದರೆ ಹತ್ತು ನಿಮಿಷ ಕೂಡಿಸಬೇಕು. ಚಂದ್ರದ್ರೋಣದ ಹುಲ್ಲಿನ ಇಳಿಜಾರು ಬಹುಪಾಲು ಎರಡನೇ ಜಾತಿ. ನವೆಂಬರಿನಲ್ಲಿ ಬೆಳಗ್ಗೆ ಒಂಬತ್ತರವರೆಗೂ ಹುಲ್ಲು ಇಬ್ಬನಿಯಲ್ಲಿ ತೊಯ್ದಿರುತ್ತದೆ, ಜಾರುತ್ತದೆ. ಜನವರಿ ದಾಟಿದ ಮೇಲೆ ಅದೇ ಹುಲ್ಲು ಒಣಗಿ ಮಲಗುತ್ತದೆ, ಆಗ ಇನ್ನೂ ಹೆಚ್ಚು ಜಾರುತ್ತದೆ. ಜನ ಒದ್ದೆ ಹುಲ್ಲಿಗೆ ಹೆದರುತ್ತಾರೆ, ಒಣ ಕರಡಕ್ಕೆ ಹೆದರುವುದಿಲ್ಲ. ಬೀಳುವುದು ಅಲ್ಲೇ.

ನೀರು 2 ಲೀಟರ್ ಸಾಲದು ಮಾರಾಯ್ರೆ. ರಿಡ್ಜ್ ಮೇಲೆ ನೀರಿಲ್ಲ. ಹಳ್ಳಗಳೆಲ್ಲ ಕೆಳಗೆ ಶೋಲಾ ಕಾಡಿನ (ಬೆಟ್ಟದ ಕಣಿವೆಗಳಲ್ಲಿ ಬೆಳೆಯುವ ದಟ್ಟ ಕಾಡು) ಮಡಿಕೆಯಲ್ಲಿ ಹುಟ್ಟುತ್ತವೆ, ಅಲ್ಲಿಗೆ ಇಳಿದು ಹತ್ತುವುದು ಅಂದರೆ ಒಂದು ಗಂಟೆ ಕಳೆದ ಹಾಗೆ. ತಲಾ 3 ಲೀಟರ್ ಬೆನ್ನ ಮೇಲೆ ಇರಲಿ, ಬಿಸಿಲಿನ ದಿನವಾದರೆ ಮೂರೂವರೆ. ಸೀತಾಳಯ್ಯನಗಿರಿ ಹತ್ತಿರ ಅಂಗಡಿಗಳಿರುತ್ತವೆ, ಅತ್ತಿಗುಂಡಿ ಊರೇ ಇದೆ. ಅಂಗಡಿ ತೆರೆದಿದ್ದರೆ ಲಾಭ, ಆದರೆ ಪ್ಲಾನ್ ಅದರ ಮೇಲೆ ನಿಲ್ಲಬಾರದು. ಒಂದೇ ದೊಡ್ಡ ಬಾಟಲಿಗಿಂತ ಒಂದೊಂದು ಲೀಟರಿನ ಮೂರು ಇಟ್ಟುಕೊಳ್ಳಿ. ಒಂದು ಸೋರಿದರೂ ಎರಡು ಉಳಿಯುತ್ತದೆ, ಮತ್ತು ಎಷ್ಟು ಕುಡಿದಿದ್ದೇವೆ ಅನ್ನುವುದು ಕಣ್ಣಿಗೆ ಕಾಣುತ್ತದೆ. ಮುಳ್ಳಯ್ಯನಗಿರಿ ತುದಿಗೆ ಬರುವ ಹೊತ್ತಿಗೆ ಒಂದು ಬಾಟಲಿ ಖಾಲಿ ಆಗಿರಬೇಕು. ಆಗಿಲ್ಲ ಅಂದರೆ ಆ ಮನುಷ್ಯ ಮಧ್ಯಾಹ್ನ ತಲೆನೋವು ಅನ್ನುತ್ತಾನೆ.

ಹಾಸನದ_ಹೆಜ್ಜೆ

ಒಆರ್‌ಎಸ್ (ನೀರಿಗೆ ಕಲಸಿ ಕುಡಿಯುವ ಉಪ್ಪು-ಸಕ್ಕರೆ ಪುಡಿ) ಬಗ್ಗೆ: ಮೆಡಿಕಲ್ ಶಾಪಿನ ಪುಡಿ ಪೊಟ್ಟಣ ತನ್ನಿ, ಒಂದು ಲೀಟರಿನದ್ದು. ಡಬ್ಬದಲ್ಲಿ ಬರುವ ಸಿಹಿ ಪಾನೀಯ ಬೇರೆ, ಅದರಲ್ಲಿ ಸಕ್ಕರೆ ಜಾಸ್ತಿ. ಪೊಟ್ಟಣವನ್ನು ಅರ್ಧ ಲೀಟರಿಗೇ ಕಲಸಿ «ಸ್ಟ್ರಾಂಗ್» ಮಾಡುವ ಚಾಳಿ ಕೆಲವರಿಗಿದೆ. ಹಾಗೆ ಮಾಡಿದರೆ ಬಾಯಾರಿಕೆ ಹೆಚ್ಚುತ್ತದೆ, ಹೊಟ್ಟೆಯೂ ಕೆಡಬಹುದು. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮೂರು ಬಾಟಲಿಯಲ್ಲಿ ಒಂದಕ್ಕೆ ಮಾತ್ರ ಕಲಸಿ, ಉಳಿದದ್ದು ಬರೀ ನೀರು. ಗಾಯ ತೊಳೆಯಲೂ ಅದು ಬೇಕು.

ಊಟಕ್ಕೆ ಪುಳಿಯೋಗರೆಯನ್ನು ಮೀರಿದ್ದು ಇಲ್ಲ. ಹುಳಿ, ಎಣ್ಣೆ ಎರಡೂ ಇರುವುದರಿಂದ ಸಂಜೆವರೆಗೂ ಹಳಸುವುದಿಲ್ಲ. ಚಿತ್ರಾನ್ನಕ್ಕೆ ಈರುಳ್ಳಿ, ಹಸಿ ಕಾಯಿತುರಿ ಹಾಕಬೇಡಿ. ಚಪಾತಿ ತಂದರೆ ಪಲ್ಯದ ಬದಲು ಚಟ್ನಿಪುಡಿ-ತುಪ್ಪ ಸವರಿ ಸುರುಳಿ ಸುತ್ತಿ. ಕೈ ತೊಳೆಯಲು ನೀರು ಸುರಿಯುವ ಕೆಲಸ ಇಲ್ಲ. ಇದರ ಮಧ್ಯೆ ಗಂಟೆಗೊಮ್ಮೆ ಒಂದು ಚಿಕ್ಕಿ ಅಥವಾ ಎರಡು ಖರ್ಜೂರ. ಹಸಿವಾಗುವವರೆಗೆ ಕಾಯುವುದು ಬೇಡ, ಊಟವನ್ನೂ ಒಂದೇ ಸಲಕ್ಕೆ ಹೊಟ್ಟೆ ತುಂಬ ಮಾಡಬೇಡಿ, ಎರಡು ಸಲ ಅರ್ಧರ್ಧ ಮಾಡಿ.

ಬಯಲುಸೀಮೆ_ಶೂ

ದಿಕ್ಕು ತಿರುಗಿಸಿದರೆ ಹೇಗೆ? ಬಾಬಾಬುಡನ್‌ಗಿರಿ ಸುಮಾರು 1895 ಮೀಟರ್. ಬೆಳಗ್ಗೆಯೇ ಜೀಪಿನಲ್ಲಿ ಅಲ್ಲಿಗೆ ಹೋಗಿ ನಡೆಯಲು ಶುರು ಮಾಡಿದರೆ ಆ 500 ಮೀಟರ್ ಏರು ಹತ್ತುವ ಬದಲು ಸರ್ಪದಾರಿಯಲ್ಲಿ ಇಳಿದುಬಿಡಬಹುದಲ್ಲ. ಊರಿಗೂ ಹತ್ತಿರ ಮುಗಿಯುತ್ತದೆ.

ಗಿರಿ_ಗೆರೆ

ಕಾಗದದ ಮೇಲೆ ಸರಿ. ಆದರೆ ದಿನದ ಅತಿ ಕಡಿದಾದ ಇಳಿಜಾರು ಆಗ ಕೊನೆಗೆ ಬರುತ್ತದೆ, ಮಂಡಿ ಸೋತ ಹೊತ್ತಿಗೆ. ಸರ್ಪದಾರಿಯಲ್ಲಿ ಕಲ್ಲು, ಸಡಿಲ ಮಣ್ಣು, ಪಕ್ಕದಲ್ಲೇ ಕಮರಿ. ಬೆಳಗ್ಗೆ ಹತ್ತುವವರಿಗೆ ಕಷ್ಟವಿಲ್ಲ, ಸಂಜೆ ಐದಕ್ಕೆ ಇಳಿಯುವವರಿಗೆ ಅದೇ ಬೇರೆ ದಾರಿ. ಇನ್ನೊಂದು ವಿಷಯ, ಮಧ್ಯದಲ್ಲಿ ಯಾರಿಗಾದರೂ ಆಗದಿದ್ದರೆ ಬಿಟ್ಟು ಹೋಗುವ ಜಾಗಗಳು. ಸರ್ಪದಾರಿ ಮೊದಲು ಮುಗಿಸಿದರೆ ಆಮೇಲಿನ ದಾರಿಯುದ್ದಕ್ಕೂ ರಸ್ತೆ ಆಗಾಗ ಹತ್ತಿರ ಬರುತ್ತದೆ: ಸೀತಾಳಯ್ಯನಗಿರಿ, ಕವಿಕಲ್‌ಗಂಡಿ, ಅತ್ತಿಗುಂಡಿ. ಮೂರರಲ್ಲಿ ಯಾವುದರಲ್ಲಾದರೂ ವಾಹನ ಹತ್ತಬಹುದು. ತಿರುಗಿಸಿದರೆ ಸುಸ್ತಾದವನಿಗೆ ಕೊನೆಯ ನಾಲ್ಕು ಕಿ.ಮೀ.ಯಲ್ಲಿ ಇಂಥ ಅವಕಾಶ ಇಲ್ಲ. ಮುಳ್ಳಯ್ಯನಗಿರಿ ಪಾರ್ಕಿಂಗಿನಿಂದ ರಸ್ತೆ ಹಿಡಿಯಬಹುದು ನಿಜ, ಆದರೆ ವಾರಾಂತ್ಯದ ಸಂಜೆ ಆ ಕಿರಿದಾದ ರಸ್ತೆಯಲ್ಲಿ ವಾಹನ ಮೇಲೆ ಬರುವುದೇ ಕಷ್ಟ.

ಬಯಲುಸೀಮೆ_ಶೂ

ಇಳಿಜಾರಿನ ಮಾತು ಒಪ್ಪಿದೆ. ವಾಹನದ ಮಾತು ಅರ್ಧ ಒಪ್ಪಿದೆ, ವಾರದ ದಿನಗಳಲ್ಲಿ ತೊಂದರೆ ಇರುವುದಿಲ್ಲ.

ಅರಣ್ಯದಂಚು

ಯಾರೂ ಅನುಮತಿ ವಿಷಯ ಎತ್ತಲಿಲ್ಲ. ಮೂರು ಬೇರೆ ಬೇರೆ ಕೆಲಸ ಇದೆ.

ಮೊದಲನೆಯದು ವಾಹನ. ಗಿರಿಗೆ ಹೋಗುವ ವಾಹನಕ್ಕೆ ಜಿಲ್ಲಾಡಳಿತ ಆನ್‌ಲೈನ್ ಬುಕಿಂಗ್ ಮಾಡಿದೆ, ಬೆಳಗ್ಗೆ ಒಂದು ಪಾಳಿ, ಮಧ್ಯಾಹ್ನ ಒಂದು ಪಾಳಿ. ಒಂದು ಕಡೆ ಇಳಿದು ಇನ್ನೊಂದು ಕಡೆ ಹತ್ತುವ ನಿಮ್ಮಂಥವರು ಇಲ್ಲೇ ಸಿಕ್ಕಿಬೀಳುತ್ತಾರೆ. ಬೆಳಗ್ಗೆ ಬಿಟ್ಟು ಹೋದ ಗಾಡಿ ಮಧ್ಯಾಹ್ನ ಕರೆದೊಯ್ಯಲು ಬರಬೇಕು ಅಂದರೆ ಮಧ್ಯಾಹ್ನದ ಪಾಳಿಗೂ ಬುಕ್ ಆಗಿರಬೇಕು. ಕೈಮರ ಚೆಕ್‌ಪೋಸ್ಟಿನಲ್ಲಿ ನಿಂತ ಡ್ರೈವರ್ ಫೋನ್ ಮಾಡಿದರೆ ರಿಡ್ಜ್ ಮೇಲಿರುವ ನಿಮಗೆ ಸಿಗ್ನಲ್ ಇರುತ್ತದೆ ಅನ್ನುವ ಖಾತ್ರಿ ಇಲ್ಲ. ಪ್ಲಾಸ್ಟಿಕ್, ಮದ್ಯ ಇದೆಯೇ ಅಂತ ಅಲ್ಲೇ ತಪಾಸಣೆ ಮಾಡುತ್ತಾರೆ.

ಎರಡನೆಯದು ಚಾರಣದ ಅನುಮತಿ. ಅರಣ್ಯ ಇಲಾಖೆಯ «ಅರಣ್ಯ ವಿಹಾರ» ಜಾಲತಾಣದಲ್ಲಿ ಯಾವ ದಾರಿ ಬುಕಿಂಗಿಗೆ ತೆರೆದಿದೆ ನೋಡಿ. ನೀವು ನಡೆಯುವ ರಿಡ್ಜ್ ಭಾಗ ಅಲ್ಲಿ ಕಾಣದಿದ್ದರೆ «ಹಾಗಾದರೆ ಬೇಕಿಲ್ಲ» ಅಂದುಕೊಳ್ಳಬೇಡಿ, ಚಿಕ್ಕಮಗಳೂರಿನ ಅರಣ್ಯ ಕಚೇರಿಯಲ್ಲಿ ಕೇಳಿ. ಅವರು ಬೇಡ ಅಂದರೆ ಆ ತುಂಡನ್ನು ರಸ್ತೆಯಲ್ಲೇ ನಡೆಯಬೇಕು, ಅಷ್ಟೇ. ಫೆಬ್ರವರಿಯಿಂದ ಬೆಂಕಿಯ ಕಾಲ, ಆಗ ಎಷ್ಟೋ ಚಾರಣದ ದಾರಿ ಮುಚ್ಚುತ್ತಾರೆ. ಸ್ಟೌವ್, ಬೀಡಿ, ಬೆಂಕಿಪೊಟ್ಟಣ ಯಾವ ಕಾಲದಲ್ಲೂ ಬೇಡ. ಈ ಹುಲ್ಲಿಗೆ ಗಾಳಿಯ ಜೊತೆ ಕಿಡಿ ಸಿಕ್ಕರೆ ಆರಿಸಲು ನೀರೂ ಸಿಗುವುದಿಲ್ಲ.

ಮೂರನೆಯದು ಕ್ಯಾಲೆಂಡರ್. ಬಾಬಾಬುಡನ್‌ಗಿರಿಯ ದತ್ತಜಯಂತಿ ಮಾರ್ಗಶಿರ ಹುಣ್ಣಿಮೆಗೆ, ಅಂದರೆ ಸಾಮಾನ್ಯವಾಗಿ ಡಿಸೆಂಬರಿನಲ್ಲಿ. ಅದರ ಆಸುಪಾಸಿನ ದಿನಗಳಲ್ಲಿ ಪ್ರವಾಸಿಗರಿಗೆ ಗಿರಿ ಬಂದ್ ಮಾಡುತ್ತಾರೆ. ನವೆಂಬರ್ ಕೊನೆ ಅಂದಿರಿ, ಪಂಚಾಂಗ ನೋಡಿ ದಿನ ಗೊತ್ತು ಮಾಡಿ.

ಕಡೂರು_ಲೋಕಲ್

ಪಾಳಿ ವಿಷಯ ಹೊಳೆದೇ ಇರಲಿಲ್ಲ, ಥ್ಯಾಂಕ್ಸ್ ಅಣ್ಣ. ಮಂಜು ಬಿದ್ದರೆ ಏನು ಮಾಡಬೇಕು? ರಿಡ್ಜ್ ತಾನೇ, ಮೇಲೇ ನಡೆದುಕೊಂಡು ಹೋದರೆ ಸಾಕು ಅಂತ ಒಬ್ಬರು ಹೇಳಿದರು.

ಗಿರಿ_ಗೆರೆ

ಆ ಒಬ್ಬರು ಬಿಸಿಲಿನಲ್ಲಿ ಮಾತ್ರ ಹೋಗಿರಬೇಕು.

ಚಂದ್ರದ್ರೋಣ ಅರ್ಧಚಂದ್ರಾಕಾರದ ಸಾಲು. ಒಳಮೈಗೆ ಜಾಗರ ಕಣಿವೆ, ಕಾಫಿ ತೋಟ, ಅದರಾಚೆ ಮುತ್ತೋಡಿ, ಭದ್ರಾ ಹುಲಿ ಮೀಸಲು ಅರಣ್ಯ. ಹೊರಮೈಗೆ ಚಿಕ್ಕಮಗಳೂರು, ಬಯಲು. ಮುಖ್ಯ ರಿಡ್ಜಿನಿಂದ ಎರಡೂ ಕಡೆಗೆ ಅಡ್ಡಗುಡ್ಡಗಳು ಕವಲೊಡೆಯುತ್ತವೆ. ಮಂಜಿನಲ್ಲಿ ಇಪ್ಪತ್ತು ಮೀಟರ್ ಮಾತ್ರ ಕಾಣುವಾಗ ಅಡ್ಡಗುಡ್ಡದ ಬೆನ್ನು ಮುಖ್ಯ ರಿಡ್ಜಿಗಿಂತ ಅಗಲವಾಗಿ, ನಡೆಯಲು ಸುಖವಾಗಿ ಇರುತ್ತದೆ. ಕಾಲು ತಾನಾಗಿ ಅತ್ತ ಹೋಗುತ್ತದೆ. ದನ, ಕಾಟಿಗಳ (ಕಾಡುಕೋಣ) ಜಾಡೂ ಹಾಗೇ ಕರೆದೊಯ್ಯುತ್ತದೆ, ಆಮೇಲೆ ಶೋಲಾ ಅಂಚಿನಲ್ಲಿ ಮಾಯವಾಗುತ್ತದೆ. ಅಲ್ಲಿಂದ «ಇಳಿದರೆ ಎಲ್ಲೋ ಊರು ಸಿಗುತ್ತದೆ» ಅಂತ ಹಳ್ಳ ಹಿಡಿಯುವುದೇ ದೊಡ್ಡ ಅಪಾಯ. ಹಳ್ಳ ಅಂದರೆ ಪಾಚಿ ಬಂಡೆ, ಮುಳ್ಳುಪೊದೆ, ಕೊನೆಗೊಂದು ಜಲಪಾತದ ನೆತ್ತಿ. ಒಳಮೈಗೆ ಇಳಿದರೆ ನೀವು ಹೋಗುತ್ತಿರುವುದು ಹುಲಿ ಮೀಸಲಿನ ದಿಕ್ಕಿಗೆ.

ಮಾಡಬೇಕಾದ್ದು: ಮನೆಯಲ್ಲೇ ಆಫ್‌ಲೈನ್ ನಕ್ಷೆ ಇಳಿಸಿಕೊಳ್ಳಿ, ಇಬ್ಬರ ಫೋನಿನಲ್ಲಿ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆ ಸಿಕ್ಕರೆ ಪ್ರಿಂಟ್ ತೆಗೆಸಿ ಪ್ಲಾಸ್ಟಿಕ್ ಕವರಿಗೆ ಹಾಕಿ. ಅದರಲ್ಲಿ 2 ಸೆಂ.ಮೀ. ಅಂದರೆ 1 ಕಿ.ಮೀ., ಒಂದು ಎತ್ತರದ ಗೆರೆಯಿಂದ ಇನ್ನೊಂದಕ್ಕೆ 20 ಮೀಟರ್. ನಾನು ಸುಮಾರು 1000 ಅಂದ ಏರನ್ನು ನೀವೇ ಗೆರೆ ಎಣಿಸಿ ತಾಳೆ ನೋಡಿ. ರಿಡ್ಜ್ ಎಲ್ಲೆಲ್ಲಿ ತಿರುಗುತ್ತದೋ ಅಲ್ಲೆಲ್ಲ ಒಂದು ಗುರುತು ಹಾಕಿ, ಮುಂದಿನ ಗುರುತಿಗೆ ದಿಕ್ಸೂಚಿಯ ಡಿಗ್ರಿ ಪಕ್ಕದಲ್ಲೇ ಬರೆಯಿರಿ. ಮಂಜಿನಲ್ಲಿ ಫೋನ್ ನೋಡುತ್ತ ನಡೆಯಬೇಡಿ. ನಿಂತು ನೋಡಿ, ದಿಕ್ಕಿನಲ್ಲಿ ಕಾಣುವ ಒಂದು ಕಲ್ಲನ್ನೋ ಪೊದೆಯನ್ನೋ ಗುರಿ ಮಾಡಿ, ಅಲ್ಲಿಗೆ ಹೋಗಿ, ಮತ್ತೆ ನೋಡಿ. ನಿಧಾನ ಆಗುತ್ತದೆ, ಗಂಟೆಗೆ ಎರಡು ಕಿ.ಮೀ. ಆದರೂ ಹೆಚ್ಚು.

ಆದ್ದರಿಂದ ಒಂದು ಗಡುವು ಇರಲಿ. ಸೀತಾಳಯ್ಯನಗಿರಿಯಲ್ಲಿ 11 ಗಂಟೆಗೆ ನಿಂತು ನೋಡಿ. ಮಂಜು ಕವಿದೇ ಇದ್ದರೆ ರಿಡ್ಜ್ ಬಿಡಿ, ರಸ್ತೆಯಲ್ಲೇ ಕವಿಕಲ್‌ಗಂಡಿ, ಅತ್ತಿಗುಂಡಿ ಕಡೆ ನಡೆಯಿರಿ. ಇದನ್ನು ಊರಲ್ಲೇ ತೀರ್ಮಾನ ಮಾಡಿಕೊಂಡು ಬನ್ನಿ. ಅಲ್ಲಿ ನಿಂತು ಚರ್ಚೆ ಮಾಡಿದರೆ «ಇಷ್ಟು ದೂರ ಬಂದಿದ್ದೀವಿ» ಅನ್ನುವವರೇ ಗೆಲ್ಲುತ್ತಾರೆ.

ಮಲ್ನಾಡ್_ನರ್ಸ್

ಆರು ಜನಕ್ಕೆ ಔಷಧಿ ಚೀಲ: ಕ್ರೇಪ್ ಬ್ಯಾಂಡೇಜ್ ಎರಡು, ಹತ್ತಿ ಬಟ್ಟೆಯ ಪಟ್ಟಿ, ಪೊವಿಡೋನ್ ಅಯೋಡಿನ್ ಸಣ್ಣ ಟ್ಯೂಬ್, ಅಂಟುಪಟ್ಟಿ ಒಂದು ಸುರುಳಿ, ಪ್ಯಾರಾಸಿಟಮಾಲ್, ಒಆರ್‌ಎಸ್ ಆರು ಪೊಟ್ಟಣ, ಪ್ರತಿಯೊಬ್ಬರ ದಿನದ ಮಾತ್ರೆ, ಉಬ್ಬಸ ಇದ್ದವರಿಗೆ ಇನ್ಹೇಲರ್. ನಡೆಯುವ ಮುಂಚೆ ಮುನ್ನೆಚ್ಚರಿಕೆ ಅಂತ ನೋವಿನ ಮಾತ್ರೆ ನುಂಗುವ ಅಭ್ಯಾಸ ಬಿಡಿ. ಐಬುಪ್ರೊಫೆನ್ ಥರದವು ನೀರು ಕಡಿಮೆಯಾದ ದೇಹದಲ್ಲಿ ಕಿಡ್ನಿಗೆ ಹೊರೆ.

ಹಿಮ್ಮಡಿ ಬಿಸಿ ಆಗುತ್ತಿದೆ ಅನಿಸಿದ ತಕ್ಷಣ ನಿಂತು ಅಂಟುಪಟ್ಟಿ ಹಾಕಿ. ಬೊಬ್ಬೆ ಎದ್ದ ಮೇಲೆ ಹಾಕಿದರೆ ಅರ್ಧ ಪ್ರಯೋಜನ. ಎರಡು ದಿನ ಮುಂಚೆ ಕಾಲುಗುರು ಕತ್ತರಿಸಿಕೊಳ್ಳಿ, ಇಳಿಯುವಾಗ ಶೂ ಮುಂಭಾಗಕ್ಕೆ ಗುದ್ದಿ ಕಪ್ಪಾಗುವುದು ಉದ್ದ ಉಗುರೇ. ಇಳಿಜಾರು ಶುರುವಾಗುವ ಮೊದಲು ಕಣಕಾಲಿನ ಹತ್ತಿರದ ಲೇಸ್ ಮಾತ್ರ ಬಿಗಿ ಮಾಡಿ, ಬೆರಳ ಕಡೆ ಸಡಿಲ ಇರಲಿ. ಹೊಸ ಶೂ ಅಂದೇ ತೊಡಬೇಡಿ.

ಉಂಬಳ (ಜಿಗಣೆ): ನವೆಂಬರ್ ಕೊನೆಗೆ ರಿಡ್ಜಿನ ಹುಲ್ಲಿನಲ್ಲಿ ಕಡಿಮೆ, ಶೋಲಾ ನೆರಳಿನಲ್ಲಿ, ಹಿಂದಿನ ವಾರ ಮಳೆ ಬಂದಿದ್ದರೆ ಇರುತ್ತವೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಸುಣ್ಣ-ಹೊಗೆಸೊಪ್ಪು ಕಟ್ಟಿದ ಬಟ್ಟೆಯ ಗಂಟು ಕೋಲಿನ ತುದಿಗೆ ಕಟ್ಟಿಕೊಂಡರೆ ಶೂ ಮೇಲೆ ಹತ್ತಿದ್ದನ್ನು ಒತ್ತಿ ಬೀಳಿಸಬಹುದು. ಕಚ್ಚಿಕೊಂಡದ್ದಕ್ಕೆ ಬೆಂಕಿ, ಉಪ್ಪು ಬೇಡ, ಗಾಬರಿಯಲ್ಲಿ ಅದು ಹೊಟ್ಟೆಯಲ್ಲಿದ್ದದ್ದನ್ನು ಗಾಯಕ್ಕೇ ಕಾರಬಹುದು. ಉಗುರನ್ನು ಅದರ ಸಣ್ಣ ತುದಿಯ ಕೆಳಗೆ ಜಾರಿಸಿ ಬಿಡಿಸಿ. ರಕ್ತ ನಿಲ್ಲುವುದು ತಡ, ಅದರ ಎಂಜಲಿನ ಗುಣ ಅದು. ಒತ್ತಿ ಪಟ್ಟಿ ಕಟ್ಟಿದರೆ ಸಾಕು.

ಬಯಲುಸೀಮೆ_ಶೂ

ಬಟ್ಟೆ ಬಗ್ಗೆ ಎರಡೇ ಸಾಲು. ಮುಳ್ಳಯ್ಯನಗಿರಿ ತುದಿ ಊರಿಗಿಂತ ಎಂಟುನೂರು ಮೀಟರಿಗೂ ಹೆಚ್ಚು ಎತ್ತರ, ಅಂದರೆ ಐದಾರು ಡಿಗ್ರಿ ಕಡಿಮೆ, ಗಾಳಿ ಬೇರೆ. ಹತ್ತುವಾಗ ಬೆವರು ಬರುತ್ತದೆ, ತುದಿಯಲ್ಲಿ ನಿಂತ ಐದೇ ನಿಮಿಷಕ್ಕೆ ಅದೇ ಬೆವರು ತಣ್ಣಗಾಗಿ ನಡುಕ ಹತ್ತುತ್ತದೆ. ಗಾಳಿ ತಡೆಯುವ ತೆಳು ಜಾಕೆಟ್ ಒಂದಿದ್ದರೆ ದಪ್ಪ ಸ್ವೆಟರ್ ಬೇಕಿಲ್ಲ. ಜೀನ್ಸ್ ಖಂಡಿತ ಬೇಡ, ಇಬ್ಬನಿಯಲ್ಲಿ ತೊಯ್ದರೆ ಮಧ್ಯಾಹ್ನದವರೆಗೂ ಒಣಗುವುದಿಲ್ಲ. ದೇವಸ್ಥಾನದ ಕಲ್ಲಿನ ಮೇಲೆ ಕಾಲುಚೀಲ ಹಾಕಿಕೊಂಡು ಓಡಾಡಬೇಡಿ. ಬಿಚ್ಚಿ ಜೇಬಿನಲ್ಲಿಟ್ಟುಕೊಳ್ಳಿ, ಒದ್ದೆ ಕಾಲುಚೀಲದಲ್ಲಿ ಉಳಿದ ಹದಿಮೂರು ಕಿ.ಮೀ. ನಡೆದರೆ ಬೊಬ್ಬೆ ಗ್ಯಾರಂಟಿ.

ಮೂಡಿಗೆರೆ_ಕಾಫಿ

ಕೆಮ್ಮಣ್ಣುಗುಂಡಿ ಆಸೆಯ ಬಗ್ಗೆ ಯಾರೂ ಮಾತಾಡಲಿಲ್ಲ. ಬಾಬಾಬುಡನ್‌ಗಿರಿಯಿಂದ ಗಾಳಿಕೆರೆ ದಾಟಿ ಕೆಮ್ಮಣ್ಣುಗುಂಡಿಗೆ ಇನ್ನೂ ಹದಿನೈದು ಕಿ.ಮೀ. ಮೇಲಿದೆ. ಒಟ್ಟು ಮೂವತ್ತು ದಾಟುತ್ತದೆ. ಮಧ್ಯೆ ಕವಿಕಲ್‌ಗಂಡಿ, ಅತ್ತಿಗುಂಡಿ ಥರದ ಜಾಗ ಇಲ್ಲ. ಹೊರಟರೆ ಹೋಗಲೇಬೇಕು. ಎರಡು ದಿನದ ದಾರಿ ಅದು. ಆಸೆ ಇದ್ದರೆ ಅದನ್ನೇ ಬೇರೆ ದಿನ ಇಟ್ಟುಕೊಳ್ಳಿ: ಬಾಬಾಬುಡನ್‌ಗಿರಿಯಲ್ಲಿ ಬೆಳಗ್ಗೆ ಶುರು, 1434 ಮೀಟರಿನ ಕೆಮ್ಮಣ್ಣುಗುಂಡಿಯಲ್ಲಿ ಕೊನೆ. ಒಟ್ಟಾರೆ ಇಳಿಜಾರು. ಅಲ್ಲಿನ ಕೆಂಪು ಮಣ್ಣು ಕಬ್ಬಿಣದ ಅದಿರಿನದ್ದು, ಒಂದು ಕಾಲಕ್ಕೆ ಭದ್ರಾವತಿ ಕಾರ್ಖಾನೆಗೆ ಅದಿರು ಹೋಗುತ್ತಿದ್ದದ್ದು ಅಲ್ಲಿಂದಲೇ. ಮಳೆಯಲ್ಲಿ ಆ ಮಣ್ಣು ಶೂ ತಳಕ್ಕೆ ಅಂಟಿದರೆ ಹಿಡಿತವೇ ಇರುವುದಿಲ್ಲ.

ಹಾಸನದ_ಹೆಜ್ಜೆ

ಹೊಸಬರು ನಾಲ್ವರು ಇದ್ದಾರೆ ಅಂದಿರಿ. ಒಂದು ತಿಂಗಳು ಮುಂಚೆ ಸಕಲೇಶಪುರ ಕಡೆ ಪಾಂಡವರ ಗುಡ್ಡ, ಜೇನುಕಲ್ಲು ಗುಡ್ಡ ನಡೆದು ನೋಡಬಹುದು. ಜೇನುಕಲ್ಲು 1389 ಮೀಟರ್, ಬೆಟ್ಟದ ಭೈರವೇಶ್ವರ ದೇವಸ್ಥಾನದ ಕಡೆಯಿಂದ ಹೋದರೆ ಪಾಂಡವರ ಗುಡ್ಡ ಅಲ್ಲೇ. ಹುಲ್ಲುಗಾವಲು, ಏರಿಳಿವು ಎಲ್ಲ ಹೀಗೇ, ದೂರ ಮಾತ್ರ ಕಡಿಮೆ. ಆದರೆ ಅಲ್ಲಿ ಆನೆ. ಸಕಲೇಶಪುರ, ಆಲೂರು, ಬೇಲೂರು ಭಾಗದಲ್ಲಿ ಆನೆಗಳು ತೋಟದಲ್ಲೇ ಇರುತ್ತವೆ. ಬೆಳಗ್ಗೆ ಏಳರ ಮುಂಚೆ, ಸಂಜೆ ಐದರ ನಂತರ ತೋಟದ ದಾರಿಯಲ್ಲಿ ಕಾಲ್ನಡಿಗೆ ಬೇಡ, ಹಿಂದಿನ ದಿನ ಆನೆ ಎಲ್ಲಿದೆ ಅಂತ ಊರವರನ್ನು ಕೇಳಿ.

ಅಂದು ನಿಮ್ಮ ಗುಂಪಿನ ನಿಜವಾದ ವೇಗವೂ ಗೊತ್ತಾಗುತ್ತದೆ. ಗಿರಿ_ಗೆರೆ ಅವರ ಒಂದೂವರೆ ಪಟ್ಟು ಸರಿಯೋ, ಎರಡು ಪಟ್ಟು ಬೇಕೋ ಆಗ ತಿಳಿಯುತ್ತದೆ.

ಕಡೂರು_ಲೋಕಲ್

ತಿದ್ದಿದ ಪ್ಲಾನ್. ಕೆಮ್ಮಣ್ಣುಗುಂಡಿ ಕೈಬಿಟ್ಟಾಯಿತು.

6:45 ಸರ್ಪದಾರಿ
9:00 ಮುಳ್ಳಯ್ಯನಗಿರಿ, ಅರ್ಧ ಗಂಟೆ
10:45 ಸೀತಾಳಯ್ಯನಗಿರಿ, 11ಕ್ಕೆ ಮಂಜಿನ ತೀರ್ಮಾನ, ಮೊದಲ ಅರ್ಧ ಊಟ
1:00 ಕವಿಕಲ್‌ಗಂಡಿ
2:30 ಅತ್ತಿಗುಂಡಿ, ಉಳಿದ ಊಟ
4:00 ಬಾಬಾಬುಡನ್‌ಗಿರಿ
ಸಮಯ ಇದ್ದರೆ ಗಾಡಿಯಲ್ಲೇ ಮಾಣಿಕ್ಯಧಾರಾ

ನೀರು ತಲಾ 3 ಲೀಟರ್. ಗಾಡಿ ಎರಡೂ ಪಾಳಿಗೆ ಬುಕ್. ತಲೆಗೆ ಕಟ್ಟುವ ಟಾರ್ಚ್ ಮೂರು ಇದೆ.

ಅರಣ್ಯದಂಚು

ಟಾರ್ಚ್ ಆರು ಬೇಕು, ತಲಾ ಒಂದು. ಕತ್ತಲಲ್ಲಿ ಒಬ್ಬರ ಬೆಳಕಿನಲ್ಲಿ ಇಬ್ಬರು ನಡೆದರೆ ಹಿಂದಿನವರ ಕಾಲ ಬುಡದಲ್ಲಿ ನೆರಳೇ ಬೀಳುತ್ತದೆ. ಡ್ರೈವರಿಗೆ ಒಂದು ಚೀಟಿ ಬರೆದು ಕೊಡಿ: ಐದು ಗಂಟೆವರೆಗೆ ಬಾಬಾಬುಡನ್‌ಗಿರಿಯಲ್ಲಿ ಕಾಯುವುದು, ಬರದಿದ್ದರೆ ಅತ್ತಿಗುಂಡಿಗೆ ಬಂದು ವಿಚಾರಿಸುವುದು, ಆರಕ್ಕೂ ಸುದ್ದಿ ಇಲ್ಲದಿದ್ದರೆ 112ಕ್ಕೆ ಕರೆ. ಆರು ಜನರ ಹೆಸರು, ಎಲ್ಲಿಂದ ಎಲ್ಲಿಗೆ ಅನ್ನುವುದು ಅದೇ ಚೀಟಿಯಲ್ಲಿ ಇರಲಿ. ಇನ್ನೊಂದು ಪ್ರತಿ ಮನೆಯಲ್ಲಿ.

ಗಿರಿ_ಗೆರೆ

ಅತ್ತಿಗುಂಡಿಗೂ ಒಂದು ಗಡುವು ಹಾಕಿ, 3 ಗಂಟೆ. ಅದು ದಾಟಿದರೆ ಗಾಡಿಯನ್ನು ಅಲ್ಲಿಗೇ ಕರೆಸಿ. ಊರಿಗೆ ಬಂದ ತಕ್ಷಣ ಸಿಗ್ನಲ್ ನೋಡಿ, ಇಲ್ಲದಿದ್ದರೆ ಅಂಗಡಿಯವರ ಫೋನ್ ಕೇಳಿ. ಡ್ರೈವರ್ ನಂಬರನ್ನು ಕಾಗದದಲ್ಲಿ ಬರೆದುಕೊಂಡಿರಿ, ಫೋನ್ ಸತ್ತರೆ ಅದರೊಳಗಿನ ನಂಬರೂ ಸಿಗುವುದಿಲ್ಲ.